ಬಾಯಿಸಾಹೇಬರ ಚಿತ್ರದಲ್ಲಿ ನಮ್ಮತ್ತೆಯ ಕೈ

ಮೊನ್ನೆ ಬಸ್ಸು ನಿಪ್ಪಾಣಿಯಲ್ಲಿ ನಿಂತದ್ದೇ ತಡ, ಕಿಟಕಿಯಿಂದ ತಂಬಾಕಿನ ಘಾಟು ಬಂದು ಮೂಗಿಗೆ ಹೊಡೆಯಿತು. ಸಾಲಾಗಿ ಮೂರು ಸಲ ಸೀನಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಈ ಸೀಮೆಯಲ್ಲೇ ಹುಟ್ಟಿ ಕೂದಲು ಬೆಳ್ಳಗಾದವನು ತಂಬಾಕಿಗೆ ಸೀನುವುದು ನಾಚಿಕೆಯ ಸಂಗತಿಯೇ ಸರಿ. ನನ್ನ ಸೋದರತ್ತೆ ಗಂಗವ್ವನಾದರೆ ಇದೇ ಊರಿನ ಗೋದಾಮಿನಲ್ಲಿ ವರ್ಷಗಟ್ಟಲೆ ತಂಬಾಕಿನ ಎಲೆ ಆರಿಸಿದವಳು, ಒಮ್ಮೆಯೂ ಸೀನಿದವಳಲ್ಲ. ನಾನು ಹೊರಟದ್ದೂ ಅಕ್ಕೋಳಕ್ಕೆ, ಅವಳ ಮನೆಗೇ. ಡ್ರೈವರು ಚಹಾಕ್ಕೆ ಇಳಿದ. ಅವನು ಬರುವವರೆಗೆ ಅತ್ತೆಯ ವಿಷಯ ಹೇಳುತ್ತೇನೆ.

ಅವಳಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಜಂಬ. "ಸಾಹುಕಾರರ ವಾಡೇದಾಗ ನನ್ನ ಕೈ ಅದಾವ," ಎನ್ನುವಳು. ವಾಡೆ ಎಂದರೆ ಗೋದಾಮಿನ ಸಾಹುಕಾರರ ದೊಡ್ಡ ಮನೆ. ಅವರ ಹೆಂಡತಿಗೆ ಎಲ್ಲರೂ ಬಾಯಿಸಾಹೇಬರು ಎನ್ನುತ್ತಿದ್ದರು, ನಮ್ಮತ್ತೆ ಬಾಯಾರು ಎನ್ನುವಳು. ಕೊಲ್ಲಾಪುರದಿಂದ ಒಬ್ಬ ಚಿತ್ರಕಾರನನ್ನು ಕರೆಸಿ ಆಕೆಯ ಚಿತ್ರ ಬರೆಸಿದರಂತೆ. ಮುಖ ಮುಗಿಯುತ್ತಲೇ ಆಕೆ ಎದ್ದುಹೋದರಂತೆ. ಹಬ್ಬದ ಗೋದಿ ಹಸನು ಮಾಡಲು ವಾಡೆಗೆ ಬಂದಿದ್ದ, ಆಗಿನ್ನೂ ಹೊಸ ಸೊಸೆಯಾಗಿದ್ದ ಅತ್ತೆಯನ್ನು ಕೂಡಿಸಿ, ಬಾಯಿಸಾಹೇಬರ ಬಳೆ ತೊಡಿಸಿ, ಕೈಗಳನ್ನು ಮಾತ್ರ ಅವಳವನ್ನೇ ನೋಡಿ ಬರೆದನಂತೆ. ಇಷ್ಟೊಂದು 'ಅಂತೆ'ಗಳನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಎಲ್ಲರಿಗಿಂತ ಕಡಿಮೆ ನಂಬಿದವನು ನಾನು. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ಮಾಸ್ತರನಲ್ಲವೇ! ಒಂದು ಮದುವೆಯ ಪಂಕ್ತಿಯಲ್ಲಿ ಹತ್ತು ಜನರ ಮುಂದೆ, "ಒಬ್ಬರ ಮುಖಕ್ಕ ಇನ್ನೊಬ್ಬರ ಕೈ ಹಚ್ಚಾಕ ಅದೇನ ಗೊಂಬಿ ಏನಬೇ ಅತ್ತಿ?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅತ್ತೆ ಎದ್ದು ಒಳಗೆ ಹೋದಳು. ಅಂದಿನಿಂದ ಆ ಮಾತು ಎತ್ತಲಿಲ್ಲ.

ಕಳೆದ ವರ್ಷ ಆ ವಾಡೆಯನ್ನೇ ವಸ್ತುಸಂಗ್ರಹಾಲಯ ಮಾಡಿದರು. ಮೂರು ತಲೆಮಾರು ಕೂಡಿಟ್ಟ ಚಿತ್ರಗಳು, ಕಂಚಿನ ಮೂರ್ತಿಗಳು, ಆಳೆತ್ತರದ ಕನ್ನಡಿಗಳು ಎಲ್ಲವನ್ನೂ ಊರವರಿಗಾಗಿ ತೆರೆದಿಟ್ಟರು. ಅತ್ತೆಯ ಮನೆಗೆ ಬಂದಿದ್ದ ನಾನು ನೋಡಲು ಹೊರಟೆ. ಅತ್ತೆಯನ್ನು ಕರೆದದ್ದು ಬರೀ ಬಾಯಿಮಾತಿಗೆ. ಎಂಬತ್ತು ದಾಟಿದವಳು, ನಾನು ಚಪ್ಪಲಿ ಮೆಟ್ಟುವುದರೊಳಗೆ ಇಳಕಲ್ಲ ಸೀರೆ ಉಟ್ಟು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು.

ಒಳಗೆ ಹೋದ ಮೇಲೆ ನನ್ನ ಮಾಸ್ತರಿಕೆ ಶುರುವಾಯಿತು. ಒಂದು ಕಂಚಿನ ದೇವಿಯ ಮುಂದೆ ನಿಂತು ಅದರ ನಿಲುವಿನ ಬಗ್ಗೆ ವಿವರಿಸತೊಡಗಿದೆ. ಅತ್ತೆ ಮೂರ್ತಿಯನ್ನು ನೋಡಲೇ ಇಲ್ಲ, ನೆಲ ನೋಡಿದಳು. "ಈ ಜಾಗಾದಾಗ ಉಪ್ಪಿನಕಾಯಿ ಭರಣಿ ಇರ್ತಿದ್ದುವು," ಎಂದಳು.

ದೊಡ್ಡ ಪಡಸಾಲೆಯಲ್ಲಿ ಬಾಯಿಸಾಹೇಬರ ಚಿತ್ರವಿತ್ತು. ಹಸಿರು ಸೀರೆ, ಮೂಗಿನಲ್ಲಿ ನತ್ತು, ಕೈಯಲ್ಲಿ ತೆರೆದ ಪುಸ್ತಕ. ವಾಡೆ ತೋರಿಸುವ ಹುಡುಗಿ ಏಳೆಂಟು ಜನರಿಗೆ ವಿವರಿಸುತ್ತಿದ್ದಳು: "ಎಡಗೈ ಕಿರುಬೆರಳ ನೋಡ್ರಿ. ಉಳಿದ ಬೆರಳೆಲ್ಲಾ ಪುಸ್ತಕ ಹಿಡದಾವ, ಅದೊಂದ ನಾಜೂಕಾಗಿ ಮ್ಯಾಲ ಎದ್ದೈತಿ. ದೊಡ್ಡ ಮನೆತನದ ಹೆಣ್ಣಮಕ್ಕಳ ರೀತೀನ ಹಂಗ್ರಿ."

"ರೀತಿ ಅಲ್ಲವ್ವಾ," ಎಂದಳು ನಮ್ಮತ್ತೆ. "ಎಮ್ಮಿ ತುಳದದ್ದು."

ಸೆರಗಿನೊಳಗಿಂದ ಎಡಗೈ ತೆಗೆದು ಮೇಲೆತ್ತಿದಳು. ಚಿಕ್ಕಂದಿನಲ್ಲಿ ಎಮ್ಮೆ ತುಳಿದ ಕಿರುಬೆರಳು, ಅಂದಿನಿಂದ ಮಡಚಲು ಬಾರದು. ಆ ಬೆರಳಿನ ಗೆಣ್ಣನ್ನೂ ಚಿತ್ರದ ಗೆಣ್ಣನ್ನೂ ನಾನು ಮತ್ತೆ ಮತ್ತೆ ನೋಡಿದೆ. ಅದೇ ಸೊಟ್ಟ, ಅದೇ ಓರೆ. ಹೆಬ್ಬೆರಳಿನ ಅಗಲವಾದ ಬುಡವೂ ಅದೇ. "ಬಣ್ಣ ಬಾಯಾರದು, ಬೆರಳ ನಂದು," ಎಂದಳು ಅತ್ತೆ. "ನನ್ನ ಕೈ ಕರ್ರಗಿದ್ದುವು, ಚಿತ್ರಾ ಬರಿಯಾಂವ ಬೆಳ್ಳಗ ಮಾಡಿದ. ಪುಸ್ತಕ ನಾ ತಲಿಕೆಳಗ ಹಿಡದಿದ್ನಿ, ಅದನ್ನೂ ಅಂವನ ತಿರುವಿ ಕೊಟ್ಟ."

ಜನ ನಕ್ಕರು. ನನಗೆ ಮಾತ್ರ ಮದುವೆಯ ಪಂಕ್ತಿ ಕಣ್ಣಮುಂದೆ ಬಂತು. "ಅತ್ತಿ, ನನ್ನ ತಪ್ಪಾತು," ಎಂದೆ.

"ಇರ್ಲಿ ಬಿಡೋ ಮಾಸ್ತರ," ಎಂದಳು, ಚಿತ್ರದಿಂದ ಕಣ್ಣು ಕೀಳದೆ.

ಅಷ್ಟರಲ್ಲಿ ಹುಡುಗಿ ಒಳಗೆ ಓಡಿ ಬಾಯಿಸಾಹೇಬರ ಮಗಳು ಸುಲಭಾತಾಯಿಯವರನ್ನೇ ಕರೆತಂದಳು. ವಾಡೆಯ ಹಿಂಭಾಗದಲ್ಲಿ ಇಂದಿಗೂ ಅವರ ವಾಸ. ನನಗೆ ಅಂಜಿಕೆಯಾಯಿತು. ನಿಮ್ಮ ತಾಯಿಗೆ ನಮ್ಮತ್ತೆಯ ಕೈ ಎಂದರೆ ಯಾವ ಮಗಳು ಸುಮ್ಮನಿದ್ದಾಳು? "ನಡಿ ಅತ್ತಿ, ಹೋಗೂಣು," ಎಂದೆ. ಅತ್ತೆ ಅಲುಗಲಿಲ್ಲ.

ಸುಲಭಾತಾಯಿ ಅತ್ತೆಯ ಕೈ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮವ್ವನ ಬೆರಳ ಮೋಟ, ದುಂಡಗ ಇದ್ದುವು," ಎಂದರು. "ನನ್ನ ತಲಿ ಬಾಚತಿದ್ದ ಬೆರಳ ನಾ ಮರೀತೇನೇನ್ರಿ? ಚಿತ್ರದಾಗ ಅವ್ವನ ಕೈ ಎಲ್ಲಿ ಹೋದ್ವು ಅಂತ ಕೇಳಿದ್ರ ಅಪ್ಪಾ ಬೈತಿದ್ರು. ನನಗ ಒಂಬತ್ತು ವರ್ಷ ಇದ್ದಾಗ ಅವ್ವ ಹೋದ್ಲು. ಆಕಿ ಯಾಕ ಪೂರ್ತಿ ಕುಂಡರಲಿಲ್ಲ, ನಿಮಗೇನರ ಗೊತ್ತೈತೇನು?"

ಅತ್ತೆ ಅವರ ಹತ್ತಿರ ಸರಿದು ದನಿ ತಗ್ಗಿಸಿದಳು. "ಯಾರ ಮುಂದೂ ಹೇಳಬ್ಯಾಡ ಅಂದಿದ್ರು ಬಾಯಾರು. ನಿಮ್ಮ ಮುಂದ ಹೇಳಿದ್ರ ನಡೀತೈತಿ. ಅವರಿಗೆ ಆಗ ಮೂರು ತಿಂಗಳ. ಬಣ್ಣದ ಎಣ್ಣಿ ವಾಸನಿ ಬಂದ್ರ ಸಾಕು, ನಾ ಗೋದಿ ಹಸನ ಮಾಡತಿದ್ದ ಹಿತ್ತಲಕ್ಕ ಓಡಿ ಬಂದು ಕಾರ್ಕೊಂತಿದ್ರು. ಮೊದಲ ಎರಡು ಸಲ ಬಸರು ನಿಂತಿರಲಿಲ್ಲ. ಅದಕ್ಕ ಅಂಜಿ ಮನ್ಯಾಗ ಯಾರಿಗೂ ಹೇಳಿರಲಿಲ್ಲ. ಆ ಸಲ ಉಳದ್ರಿ, ನೀವು."

ಸುಲಭಾತಾಯಿ ಪಕ್ಕದ ಮಖಮಲ್ಲಿನ ಕುರ್ಚಿಯ ಮೇಲೆ ಕುಸಿದು ಕೂತರು. 'ಕುಳಿತುಕೊಳ್ಳಬಾರದು' ಎಂದು ಬರೆದಿಟ್ಟ ಕುರ್ಚಿ ಅದು. ಹುಡುಗಿ ಆ ಬರಹವನ್ನು ಮೆಲ್ಲಗೆ ಎತ್ತಿ ಬದಿಗಿಟ್ಟಳು.

ಈಗ ಆ ಚಿತ್ರದ ಕೆಳಗಿನ ಫಲಕದಲ್ಲಿ ಒಂದು ಸಾಲು ಹೆಚ್ಚಾಗಿದೆ: 'ಕೈಗಳು, ಅಕ್ಕೋಳದ ಗಂಗವ್ವನವು.' ಹುಡುಗಿ ಎಮ್ಮೆಯ ಕಥೆಯನ್ನೂ ಸೇರಿಸಿ ಹೇಳುತ್ತಾಳೆ. ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತಾರಂತೆ.

ಡ್ರೈವರು ಬಂದ, ಬಸ್ಸು ಬಿಟ್ಟಿತು. ಅಕ್ಕೋಳದಲ್ಲಿ ಇಳಿದು ಓಣಿಗೆ ತಿರುಗಿದರೆ ಅತ್ತೆಯ ಮನೆಯ ಮುಂದೆ ಒಂದು ಕಾರು ನಿಂತಿತ್ತು. ಒಳಗೆ ಚಾಪೆಯ ಮೇಲೆ ಸುಲಭಾತಾಯಿ ಅತ್ತೆಯ ಎದುರು ಕೂತು ಶೇಂಗಾ ಸುಲಿಯುತ್ತಿದ್ದರು. ಇತ್ತೀಚೆಗೆ ಅವರು ಹೀಗೆ ಬಂದು ಕೂಡುವುದು ಉಂಟು. ಅತ್ತೆಯನ್ನು ಮೌಶಿ ಎನ್ನುತ್ತಾರೆ. ಮರಾಠಿಯಲ್ಲಿ ತಾಯಿಯ ಅಕ್ಕತಂಗಿಯರಿಗೆ ಹೇಳುವ ಮಾತು.

"ಮೌಶಿ, ಅವ್ವ ನಗತಿದ್ದದ್ದು ಹೆಂಗ?" ಎಂದು ಕೇಳಿದರು ಸುಲಭಾತಾಯಿ. "ಏನ ಮಾಡಿದ್ರೂ ನೆನಪಿಗೆ ಬರವಲ್ದು."

ಅತ್ತೆ ಮೊರ ಬದಿಗಿಟ್ಟಳು. ಬಾಯಿಗೆ ಸೆರಗು ಅಡ್ಡ ಹಿಡಿದಳು, ಕತ್ತು ಹಿಂದಕ್ಕೆ ವಾಲಿಸಿದಳು, ನಕ್ಕಳು. ಅದು ನಮ್ಮತ್ತೆಯ ನಗೆಯಾಗಿರಲಿಲ್ಲ. ಸಣ್ಣಗೆ ಶುರುವಾಗಿ, ತಡೆದಷ್ಟೂ ಉಕ್ಕಿ, ಕೊನೆಗೆ ಬಿಕ್ಕಳಿಕೆಯಲ್ಲಿ ಮುಗಿಯುವ ಬೇರೆ ಯಾರದೋ ನಗೆ. ನಾನು ಹೊಸ್ತಿಲ ಹೊರಗೇ ನಿಂತೆ.

ಸುಲಭಾತಾಯಿ ಕಣ್ಣು ಮುಚ್ಚಿಕೊಂಡಿದ್ದರು. ಮುಖವೆಲ್ಲ ಅರಳಿತ್ತು.

"ಇನ್ನೊಮ್ಮೆ ನಗ್ರಿ ಮೌಶಿ," ಎಂದರು.