ಕೆಳಗಿನಿಂದ ಓದಿದ ಗುಬ್ಬಿ

ಕಾಕಾರ ಬಲಗೈಯ ನಡುಬೆರಳಿನಲ್ಲಿ ಒಂದು ತಗ್ಗಿತ್ತು. ಬೆಂಕಿಕಡ್ಡಿ ಇಟ್ಟರೆ ಅಲ್ಲೇ ಕೂತುಬಿಡುವಷ್ಟು ಆಳ. ಮೂವತ್ತು ವರ್ಷ ಬ್ರಷ್ ಹಿಡಿದು ಆದದ್ದು. ಬ್ರಷ್ ಬಿಟ್ಟು ಎಂಟೊಂಬತ್ತು ವರ್ಷವಾದರೂ ತಗ್ಗು ಮಾತ್ರ ತುಂಬಿರಲಿಲ್ಲ.

ಮುಂಬಯಿಯ ಪರೇಲಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ನಾವು ಮೈಸೂರಿನವರು, ಅಪ್ಪ ಪರೇಲಿನಲ್ಲೇ ಒಂದು ಆಸ್ಪತ್ರೆಯಲ್ಲಿ ಗುಮಾಸ್ತ. ಕಾಕಾ ಬಾಗಲಕೋಟೆ ಕಡೆಯ ನೇಕಾರರು. ಬಟ್ಟೆಯ ಮೇಲೆ ಬರಬೇಕಾದ ಹೂವನ್ನೋ ಹಕ್ಕಿಯನ್ನೋ ಗ್ರಾಫ್ ಕಾಗದದ ಮೇಲೆ ಬರೆದುಕೊಡುವುದು ಮಿಲ್ಲಿನಲ್ಲಿ ಅವರ ಕೆಲಸ. ಆ ಕಾಗದದ ಚೌಕದ ಒಂದೊಂದು ಮನೆಯೂ ಒಂದೊಂದು ಎಳೆ. ಒಂದು ಮನೆ ತಪ್ಪಿದರೆ ಸಾವಿರಾರು ಗಜ ಬಟ್ಟೆಯಲ್ಲಿ ಅದೇ ತಪ್ಪು. ಮಿಲ್ಲು ಕೆಲಸಗಾರರ ದೊಡ್ಡ ಮುಷ್ಕರದ ನಂತರ ಮಿಲ್ಲು ಮತ್ತೆ ತೆರೆಯಲಿಲ್ಲ. ಕಾಕಾ ದೂರದ ಒಂದು ವಸತಿ ಸೊಸೈಟಿಯಲ್ಲಿ ವಾಚ್‌ಮನ್ ಆದರು. ಗ್ರಾಫ್ ಕಾಗದ, ಬ್ರಷ್ಷು ಎಲ್ಲ ಟ್ರಂಕಿಗೆ ಹೋದವು. ಇನ್ನು ಅದನ್ನು ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದರು.

ಮುಟ್ಟದಿದ್ದರೇನು, ಕಣ್ಣು ಸುಮ್ಮನಿರುತ್ತಿರಲಿಲ್ಲ. ಚಾಳಿನ ಗ್ಯಾಲರಿಯಲ್ಲಿ ಒಣಗಲು ಹಾಕಿದ ಚಾದರದ ಮುಂದೆ ಎಡಗಣ್ಣು ಮುಚ್ಚಿ ನಿಂತರೆಂದರೆ, ಯಾರೋ ಎಲ್ಲೋ ಮಾಡಿದ ತಪ್ಪು ಸಿಕ್ಕಿಬಿತ್ತು ಎಂದೇ ಅರ್ಥ. ಅವರದೊಂದು ಮಾತಿತ್ತು: “ತಳದಿಂದ ಬಾ.” ನಾನು ಏನಾದರೂ ಹೇಳಹೋಗಿ ತಡವರಿಸಿದರೆ “ತಳದಿಂದ ಬಾ ತಂಗಿ” ಎನ್ನುತ್ತಿದ್ದರು. ತರಕಾರಿಯವನ ಬುಟ್ಟಿಗೂ ಕೈ ಹಾಕುತ್ತಿದ್ದದ್ದು ತಳದಿಂದಲೇ. ಅವನು ಬೈಯುತ್ತಿದ್ದ, ಇವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಆಗ ತೊಂಬತ್ತರ ದಶಕದ ಆರಂಭ. ನಾನು ಮಾಟುಂಗದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲಿನ ಒಂದು ಕಂಪ್ಯೂಟರಿಗೆ ಫೋನಿನ ತಂತಿ ಸೇರಿಸಿದ್ದರು. ಅದರಿಂದ ಊರಿನ ಇನ್ನೊಂದು ಮನೆಯ ಕಂಪ್ಯೂಟರಿಗೆ ಫೋನು ಹೋಗುತ್ತಿತ್ತು. ನಾವದನ್ನು ‘ಬೋರ್ಡು’ ಎನ್ನುತ್ತಿದ್ದೆವು. ಒಂದು ಸಲಕ್ಕೆ ಒಬ್ಬರಿಗೇ ಜಾಗ, ಮಿಕ್ಕವರಿಗೆ ಎಂಗೇಜ್ ಸದ್ದು. ಒಳಗೆ ಹೋದವರು ಪ್ರಶ್ನೆಯೊಂದನ್ನು ಬರೆದಿಟ್ಟು ಬಂದರೆ, ಮುಖವನ್ನೇ ಕಾಣದ ಯಾರೋ ನಾಲ್ಕು ದಿನದಲ್ಲಿ ಉತ್ತರ ಬರೆದಿಡುತ್ತಿದ್ದರು. ಅವರಲ್ಲೊಬ್ಬರು, ಸಾಂತಾಕ್ರೂಜಿನವರು, ನನ್ನಂಥ ಹೊಸಬರೂ ಆಟ ತಯಾರಿಸಬಹುದಾದ ಪುಟ್ಟ ಪ್ರೋಗ್ರಾಂ ಒಂದನ್ನು ಎಲ್ಲರಿಗೂ ಹಂಚಿದ್ದರು. ಒಂದು ಚಿತ್ರಕ್ಕೆ ಹದಿನಾರು ಸಾಲು, ಸಾಲಿಗೆ ಹದಿನಾರು ಮನೆ. ತುಂಬಿದ ಮನೆಗೆ ಒಂದು, ಖಾಲಿ ಮನೆಗೆ ಸೊನ್ನೆ. ಚಿತ್ರ ಕೊಟ್ಟರೆ ಅದು ಓಡಿಸುತ್ತಿತ್ತು. ಒಂದು ತಿಂಗಳಾದ ಮೇಲೆ ಒಂದು ಭಾನುವಾರ ನಮ್ಮ ಕ್ಲಾಸಿನಲ್ಲೇ ಎಲ್ಲರೂ ಸೇರಿ ತಮ್ಮ ತಮ್ಮ ಆಟ ತೋರಿಸುವುದೆಂದು ಮಾತಾಯಿತು. ಬೋರ್ಡಿನಲ್ಲಿ ಹೆಣ್ಣೆಂದರೆ ನಾನೊಬ್ಬಳೇ, ಹಾಗಾಗಿ ಹಟ ಜಾಸ್ತಿಯೇ ಇತ್ತು. ಆದರೆ ಚಿತ್ರ ಬರೆಯುವ ಕೈ ನನ್ನದಲ್ಲ.

ಗ್ಯಾಲರಿಯಲ್ಲಿ ಕೂತು ಚೌಕದ ಪುಸ್ತಕದಲ್ಲಿ ಗುಬ್ಬಿ ಬರೆಯುತ್ತಿದ್ದಾಗ ಹಿಂದೆ ಕಾಕಾ ಎಡಗಣ್ಣು ಮುಚ್ಚಿ ನಿಂತಿದ್ದರು.

“ಗುಬ್ಬಿ ಐತೋ, ಬಟಾಟಿ ಐತೋ?”

“ಗುಬ್ಬೀನೇ ಕಾಕಾ. ಕಂಪ್ಯೂಟರಲ್ಲಿ ಓಡತ್ತೆ.”

“ಕಾಲ ಇಲ್ಲ ಅದಕ್ಕ. ಹೆಂಗ ಓಡತೈತಿ?”

ನನಗೆ ಸಿಟ್ಟು ಬಂತು. “ಹಾಗಾದ್ರೆ ನೀವೇ ಬರೆದುಕೊಡಿ” ಎಂದು ಪುಸ್ತಕ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಟ್ರಂಕು ಎಳೆಯುವ ಸದ್ದು ಕೇಳಿತು.

ಎರಡು ದಿನದಲ್ಲಿ ನಾಲ್ಕು ಗುಬ್ಬಿ ಬರೆದರು. ನಿಂತದ್ದು, ಬಗ್ಗಿದ್ದು, ಹಾರಲು ಕಾಲು ಮಡಚಿದ್ದು, ಇಳಿದದ್ದು. ಅಷ್ಟು ಕಡಿಮೆ ಮನೆಗಳಲ್ಲಿ ಕೊಕ್ಕಿನ ಚುರುಕು ಹೇಗೆ ಬಂತೋ ನನಗೆ ಇಂದಿಗೂ ತಿಳಿಯದು. ಎಲ್ಲರೂ ಸೇರುವ ದಿನ ಇನ್ನೂ ದೂರವಿತ್ತು, ಮೊದಲು ಹಾಕಿ ನೋಡೋಣವೆಂದು ಆ ವಾರದ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಲೋಕಲ್ ರೈಲಿನಲ್ಲಿ ಮಾಟುಂಗಕ್ಕೆ ಬಂದರು. “ಖಾಲಿ ಐದು, ಭರ್ತಿ ಎರಡು” ಎಂದು ಅವರು ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಮುಗಿಸಿ ಎಂಟರ್ ಒತ್ತಿದರೆ, ಪರದೆಯ ಮೇಲೆ ಗುಬ್ಬಿ ತಲೆಕೆಳಗಾಗಿ ನಿಂತಿತ್ತು.

ಕ್ಲಾಸಿನ ಮಾಲೀಕರು ಜೋರಾಗಿ ನಕ್ಕರು. ಕಾಕಾ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ವಾಪಸು ಬರುವಾಗ ಲೋಕಲ್ಲಿನಲ್ಲಿ ಕೇಳಿದ ಮೇಲೆ ಗೊತ್ತಾಯಿತು. ಬಟ್ಟೆ ತಳದಿಂದ ಮೇಲಕ್ಕೆ ಬೆಳೆಯುತ್ತದೆ, ಹಾಗಾಗಿ ಅವರು ಚಾರ್ಟನ್ನು ಓದುವುದೂ ತಳದ ಸಾಲಿನಿಂದ. ಪ್ರೋಗ್ರಾಮೋ, ಮೇಲಿನ ಸಾಲಿನಿಂದ ಓದುತ್ತಿತ್ತು.

“ಅಷ್ಟೇ ತಾನೆ ಕಾಕಾ? ನಾನೇ ತಿರುಗಿಸಿ ಟೈಪ್ ಮಾಡ್ತೀನಿ.”

“ನೀ ತಿದ್ದಬೇಕು ಅಂದ್ರ ಅದು ನನ್ನ ತಪ್ಪು ಅಂತ ಆತಲ್ಲ” ಎಂದರು. “ಮೂವತ್ತು ವರ್ಷ ನನ್ನ ಚಾರ್ಟ್ ಯಾರೂ ತಿದ್ದಿಲ್ಲ ತಂಗಿ. ಸಾಕು ಬಿಡು.”

ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು. ಟೈಪ್ ಮಾಡಿದ ಗುಬ್ಬಿ ಕ್ಲಾಸಿನ ಕಂಪ್ಯೂಟರಿನಲ್ಲೇ ಇತ್ತು, ಬೇಕಿದ್ದರೆ ತಿರುಗಿಸಿ ಹಾಕಿಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. ಇಷ್ಟು ವರ್ಷದ ಮೇಲೆ ಬ್ರಷ್ ಹಿಡಿದವರನ್ನು ನಾನೇ ಕರೆದೊಯ್ದು ನಗೆಪಾಟಲು ಮಾಡಿದ್ದೆ.

ಮರುದಿನ ಬೋರ್ಡಿಗೆ ಹೋಗಿ, ಏನೂ ಮುಚ್ಚಿಡದೆ, ತಳದಿಂದಲೇ ಎಲ್ಲ ಬರೆದಿಟ್ಟೆ. ನಾಲ್ಕನೆಯ ದಿನ ಸಾಂತಾಕ್ರೂಜಿನವರ ಉತ್ತರ ಬಂದಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಅಚ್ಚು ಹಾಕಿಸಿಕೊಂಡು ಹೋಗಿ ಕಾಕಾರಿಗೆ ಕನ್ನಡದಲ್ಲಿ ಓದಿ ಹೇಳಿದೆ: ‘ನಿಮ್ಮ ಕಾಕಾರ ಚಾರ್ಟಿನಲ್ಲಿ ತಪ್ಪಿಲ್ಲ. ತಪ್ಪು ನನ್ನ ಪ್ರೋಗ್ರಾಮಿನದು, ಅದಕ್ಕೆ ಒಂದೇ ದಿಕ್ಕು ಗೊತ್ತಿತ್ತು. ಎರಡನೆಯದನ್ನೂ ಕಲಿಸಿದ್ದೇನೆ, ಹೊಸದನ್ನು ಇಳಿಸಿಕೊಳ್ಳಿ. ಅವರಿಗೆ ನನ್ನದೊಂದು ಪ್ರಶ್ನೆಯಿದೆ. ನಮ್ಮೆಲ್ಲರ ಆಟದಲ್ಲೂ ನೆಲದ ಚಿತ್ರ ಮತ್ತೆ ಮತ್ತೆ ಬಂದು ಓಡುವಾಗ ಅದರ ಎರಡು ಅಂಚು ಸೇರುವ ಕಡೆ ಜೋಡಣೆ ಕಾಣುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಬಟ್ಟೆಯಲ್ಲಿ ಅದು ಕಾಣದ ಹಾಗೆ ಹೇಗೆ ಮಾಡುತ್ತಾರೆ?’

ಕಾಕಾ ಎರಡು ಸಲ ಓದಿಸಿದರು. ಆಮೇಲೆ ನನ್ನ ಕೈಯಿಂದ ಆ ಹಾಳೆಯನ್ನೇ ತೆಗೆದುಕೊಂಡು ಕೊಳವೆಯ ಹಾಗೆ ಸುತ್ತಿ, ಎರಡು ಅಂಚನ್ನೂ ಸೇರಿಸಿ ಹಿಡಿದರು.

“ಬಲಗಡೆ ಕಡೀ ಮನಿ, ಎಡಗಡೆ ಮೊದಲನೇ ಮನಿ, ಎರಡೂ ಬಾಜೂ ಬಾಜೂ ಅದಾವು. ಸುತ್ತಿ ನೋಡಂತ ಹೇಳು ಅವರಿಗೆ. ಹಾಸಿ ನೋಡಿದ್ರ ಗೊತ್ತಾಗಂಗಿಲ್ಲ.”

ಹಾಗೇ ಬರೆದೆ. ಆ ವಾರ ಮುಂಬಯಿಯಲ್ಲಿ ಎಷ್ಟು ಜನ ಕಾಗದ ಸುತ್ತಿಕೊಂಡು ಕೂತಿದ್ದರೋ. ‘ಹೋಯಿತು, ಜೋಡಣೆ ಕಾಣುವುದಿಲ್ಲ’ ಎಂದು ಒಬ್ಬೊಬ್ಬರಾಗಿ ಬರೆಯತೊಡಗಿದರು. ಕೆಲವರು ಕಾಕಾ ಎಂಬ ಪದವನ್ನೇ ಕಲಿತು ‘ಡಿಯರ್ ಕಾಕಾ’ ಎಂದು ಶುರುಮಾಡುತ್ತಿದ್ದರು. ಟ್ರಂಕು ಮಂಚದ ಕೆಳಗಿನಿಂದ ಹೊರಬಂದದ್ದು ಮತ್ತೆ ಒಳಗೆ ಹೋಗಲಿಲ್ಲ. ಕಾಕಾ ಗುಬ್ಬಿಯ ಕೆಳಗೆ ಓಡುವ ನೆಲವನ್ನೂ ಬರೆದುಕೊಟ್ಟರು.

ಸೇರುವ ಭಾನುವಾರ ಬಂತು. ಕ್ಲಾಸಿನ ತುಂಬ ಜನ. ಅಕ್ಷರದಲ್ಲಿ ಮಾತ್ರ ಪರಿಚಯವಿದ್ದವರು ಒಬ್ಬರನ್ನೊಬ್ಬರು ನೋಡಿ ನಾಚುತ್ತಿದ್ದರು. ನಮ್ಮ ಸರದಿ ಬಂದಾಗ ಕಾಕಾರನ್ನೇ ಕುರ್ಚಿಯಲ್ಲಿ ಕೂರಿಸಿದೆ. ಹೊಸ ಪ್ರೋಗ್ರಾಂ ಮೊದಲು ಕೇಳುತ್ತಿದ್ದ ಪ್ರಶ್ನೆ ಇದು: ಚಿತ್ರವನ್ನು ಎಲ್ಲಿಂದ ಓದಲಿ? ಒಂದು, ಮೇಲಿನಿಂದ. ಎರಡು, ಕೆಳಗಿನಿಂದ. ತಗ್ಗಿದ್ದ ಆ ಬೆರಳಿನಿಂದಲೇ ಕಾಕಾ ಎರಡನ್ನು ಒತ್ತಿದರು.

ಗುಬ್ಬಿ ನೆಟ್ಟಗೆ ನಿಂತಿತು. ಬಗ್ಗಿ, ಕಾಲು ಮಡಚಿ, ಒಂದು ಹಂಚಿನಿಂದ ಇನ್ನೊಂದು ಹಂಚಿಗೆ ಹಾರಿತು. ಕೆಳಗೆ ಮಿಲ್ಲಿನ ಮಾಡು, ಚಿಮಣಿ, ಮತ್ತೆ ಮಾಡು, ಎಲ್ಲೂ ಜೋಡಣೆಯಿಲ್ಲದೆ ಹರಿಯುತ್ತಲೇ ಇತ್ತು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಅಂದು ನಕ್ಕಿದ್ದ ಮಾಲೀಕರೇ ಎಲ್ಲರಿಗಿಂತ ಜೋರು. ಕನ್ನಡಕದ ಒಬ್ಬರು ಮುಂದೆ ಬಂದು, ತಾನೇ ಸಾಂತಾಕ್ರೂಜಿನವನು ಎಂದು ಕಾಕಾರ ಕೈ ಹಿಡಿದುಕೊಂಡರು. ಕಾಕಾ ಎದ್ದುನಿಂತು ಎಲ್ಲರ ಕಡೆ ತಿರುಗಿ, “ಚಾರ್ಟ್ ತಗದಾಂವ ನಾನು. ತಪ್ಪಿದ್ದರ ಹೇಳ್ರಿ” ಎಂದರು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ತಪ್ಪು ಯಾರಿಗೂ ಸಿಗಲಿಲ್ಲ. ಕಾಕಾ ತಲೆಯಾಡಿಸಿ ಕೂತರು.

ಬಹುಮಾನವೇನೂ ಇರಲಿಲ್ಲ. ಎಲ್ಲರೂ ಮೆಚ್ಚಿದ ಆಟದ ಹೆಸರು ಬೋರ್ಡಿನ ಮೊದಲ ಪುಟದಲ್ಲಿ ನಿಲ್ಲುತ್ತಿತ್ತು. ನಮ್ಮದು ನಿಂತಿತು. ಆಮೇಲೆ ಎಷ್ಟೋ ಭಾನುವಾರ ಕಾಕಾರ ಖೋಲಿಯ ಮುಂದೆ ಅಪರಿಚಿತ ಚಪ್ಪಲಿಗಳಿರುತ್ತಿದ್ದವು. ಒಳಗೆ ಯಾರಾದರೊಬ್ಬರು ಚೌಕದ ಕಾಗದ ಹಿಡಿದು, ತಮ್ಮದು ಕುದುರೆಯೋ ಬಟಾಟಿಯೋ ಎಂದು ಹೇಳಿಸಿಕೊಳ್ಳುತ್ತಿದ್ದರು.

ಕಾಕಾ ಹೋಗಿ ಬಹಳ ವರ್ಷಗಳಾದವು. ಟ್ರಂಕಿನಲ್ಲಿದ್ದ ಬ್ರಷ್ಷುಗಳು ನನ್ನ ಬಳಿ ಇವೆ. ಆಟ ತಯಾರಿಸುವುದೇ ನನ್ನ ಉದ್ಯೋಗವಾಯಿತು, ಅದಕ್ಕೆ ಬೇಕಾದ ಪ್ರೋಗ್ರಾಂ ಕೂಡ ನಮ್ಮದೇ. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿ ಆ ಪ್ರೋಗ್ರಾಮಿನಲ್ಲಿ ಬೇಡದ ಸಾಲುಗಳನ್ನು ತೆಗೆಯುತ್ತಾ ಕೇಳಿದಳು, “ಮ್ಯಾಮ್, ಈ ಬಾಟಮ್‌ನಿಂದ ರೀಡ್ ಮಾಡೋದು ಯಾರೂ ಯೂಸೇ ಮಾಡಲ್ಲ. ತೆಗೆದುಬಿಡ್ಲಾ?”

“ಬೇಡ” ಎಂದೆ. “ಅದು ನಮ್ಮ ಕಾಕಾರದು.”