ವಾರಿಜಮ್ಮನ ಸುವರ್ಣಗಡ್ಡೆ ಗಸಿ

ವಾರಿಜಮ್ಮನಿಗೆ ಯಾರ ಕೈಯ ಮೇಲೂ ನಂಬಿಕೆ ಇರಲಿಲ್ಲ. ಪೇಟೆಯಿಂದ ಬಂದ ಬೇಳೆಯನ್ನು ಮೂಸುತ್ತಿದ್ದರು, ಉಪ್ಪನ್ನೂ ಮೂಸುತ್ತಿದ್ದರು. ಅರ್ಚಕರ ಮನೆಯ ವಿಧವೆ. ೧೯೩೪ರಲ್ಲಿ ಕೊಡಿಯಾಲ್‌ಬೈಲಿನ ಆ ಹಂಚಿನ ಮನೆಯಲ್ಲಿ ನಮ್ಮಂಥ ಆರು ಮಂದಿ ಬ್ರಾಹ್ಮಣ ಹುಡುಗರಿಗೆ ಊಟ ಹಾಕಿಯೇ ಅವರ ಜೀವನ ಸಾಗಬೇಕಿತ್ತು. ಮಡಿ ಕೆಟ್ಟಿತೆಂಬ ಒಂದು ಮಾತು ಹೊರಗೆ ಹೋದರೆ ಸಾಕು, ಒಲೆ ಆರಿದಂತೆಯೇ.

ಒಂದು ದಿನ ಕಾಯಿ ಅರೆದು ಮಾಡಿದ ಸುವರ್ಣಗಡ್ಡೆಯ ದಪ್ಪ ಗಸಿ ಬಡಿಸಿದರು. ಕಚೇರಿಯ ಗುಮಾಸ್ತ ರಾಧಾಕೃಷ್ಣ ಒಂದು ತುತ್ತು ಬಾಯಿಗಿಟ್ಟವನು ಎಲೆಯಿಂದ ಹಿಂದೆ ಸರಿದ.

"ಅಮ್ಮಾ, ಇದಕ್ಕೆ ಎಂತ ಹಾಕಿದ್ದೀರಿ? ಇದು ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ರುಚಿ!"

ಎಲ್ಲರ ಕೈಯೂ ನಿಂತಿತು. ವಾರಿಜಮ್ಮನ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಹಿರಿಯನಾದ ಹರಿದಾಸ ಎದ್ದು ಪಾತ್ರೆಗೆ ಸೌಟು ಹಾಕಿ ಕೆದಕಿದ. ಗಡ್ಡೆಯ ಹೋಳುಗಳ ನಡುವೆ ಒಡೆದ ಕಪ್ಪು ಸಿಪ್ಪೆಗಳು ಸಿಕ್ಕಿದವು.

"ಇದು ಎಲ್ಲಿಂದ ಬಂತು?"

"ಪಕ್ಕದ ಮನೆಯ ಮುದ್ದು ಕೊಟ್ಟದ್ದು. ಇದನ್ನು ಹಾಕಿದರೆ ಗಡ್ಡೆ ತಿಂದು ವಾಯು ಆಗುವುದಿಲ್ಲ ಅಂತ ಹೇಳಿದಳು. ಮೂರು ಸಲ ತೊಳೆದು ಒಣಗಿಸಿದ್ದೇನೆ."

ಮುದ್ದುವಿನ ಮನೆಯಲ್ಲಿ ಮೀನಿಲ್ಲದ ದಿನವಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅವಳನ್ನು ಅಂಗಳಕ್ಕೆ ಕರೆಸಿದೆವು. ಅವಳು ಸಿಪ್ಪೆಯನ್ನು ದೂರದಿಂದಲೇ ನೋಡಿ ನಕ್ಕಳು.

"ಅಯ್ಯೋ, ಜುಮ್ಮನಕಾಯಿ! ಮರದಲ್ಲಿ ಆಗುವ ಮಸಾಲೆ ಕಾಯಿ. ನಾವು ಬಂಗುಡೆಗೆ ಹಾಕ್ತೇವೆ, ನೀವು ಗಡ್ಡೆಗೆ ಹಾಕಿದಿರಿ. ಅದರಲ್ಲಿ ಮೀನು ಎಲ್ಲಿ ಉಂಟು?"

ವಾರಿಜಮ್ಮ ಮೆಲ್ಲನೆ ತಿರುಗಿದರು. "ರಾಧಾಕೃಷ್ಣಾ, ಬಂಗುಡೆಯ ರುಚಿ ನಿನಗೆ ಹೇಗೆ ಗೊತ್ತು?"

"ಅದು... ದಾರಿಯಲ್ಲಿ ಹೋಗುವಾಗ ವಾಸನೆ..."

"ಮೂಗಿಗೆ ಗೊತ್ತಾಗುವುದು ಬೇರೆ, ನಾಲಗೆಗೆ ಗೊತ್ತಾಗುವುದು ಬೇರೆ ಮಾರಾಯ್ರೇ!" ಎಂದಳು ಮುದ್ದು ಅಂಗಳದಿಂದಲೇ.

ರಾಧಾಕೃಷ್ಣ ತಲೆ ತಗ್ಗಿಸಿದ. ವಾರಿಜಮ್ಮ ಬೈಯಲಿಲ್ಲ, ಅವನನ್ನು ಓಡಿಸಲೂ ಇಲ್ಲ. ಮರುದಿನದಿಂದ ಅವನ ಎಲೆಯನ್ನು ನಮ್ಮ ಪಂಕ್ತಿಯಿಂದ ಒಂದು ಮೊಳ ಆಚೆಗೆ ಹಾಕಿದರು, ಅಷ್ಟೆ. ಅವನೂ ಅಲ್ಲೇ ಕೂತು ಉಂಡು ಹೋಗುತ್ತಿದ್ದ. ಹೊರಗೆ ಹೋಗಿ ಆಡುವುದಕ್ಕೆ ಅವನಲ್ಲಿ ಯಾವ ಮಾತು ಉಳಿದಿತ್ತು?

ವಾರದ ಬಳಿಕ ಅದೇ ಗಸಿ ಮತ್ತೆ ಬಂತು. ವಾರಿಜಮ್ಮ ಸೌಟು ಹಿಡಿದು ನಿಂತು ನಮ್ಮ ಬಾಯಿಗಳನ್ನು ಒಂದೊಂದಾಗಿ ನೋಡಿದರು. ಉಳಿದ ಐವರಲ್ಲಿ ಒಬ್ಬನಾದರೂ ಆ ಬಂಗುಡೆಯ ರುಚಿಯನ್ನು ಗುರುತಿಸಿದಂತೆ ತೋರಿಸಿಕೊಳ್ಳಲಿಲ್ಲ.

"ಇದೆಂತ ಅಮ್ಮ, ಹೊಸ ರುಚಿ?" ಎಂದು ಹರಿದಾಸ ಕೇಳಿದ.

ನಾವೆಲ್ಲರೂ ಅವಸರವಾಗಿ ಹೌದೆಂದೆವು. ಬಾಯಿ ಎಷ್ಟು ನೀರೂರಿದರೂ ಗಸಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.