ಹಾಲವ್ವನ ಮನೆಯಲ್ಲಿಟ್ಟ ಗಂಟು

ಹೊಸ ಸೂಟ್‌ಕೇಸಿಗೆ ಅದರದೇ ಒಂದು ವಾಸನೆ ಇರುತ್ತದೆ, ನೀವು ಗಮನಿಸಿರಬೇಕು. ಅರ್ಧ ರಬ್ಬರಿನದು, ಅರ್ಧ ಅಂಟಿನದು, ಜೊತೆಗೆ ಅಂಗಡಿಯವನು ಒಳಗೆ ತುರುಕಿಟ್ಟ ಕಾಗದದ್ದು. ಹೊಸಪೇಟೆಯಿಂದ ತಂದ ನೀಲಿ ಸೂಟ್‌ಕೇಸು ಕೊಟ್ಟೂರಿನ ನಮ್ಮ ಪಡಸಾಲೆಯ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಕೂತ ದಿನದಿಂದ ಮನೆಯೆಲ್ಲ ಅದೇ ವಾಸನೆ. ನಾಲ್ಕು ವರ್ಷದ ಮಗ ಚಿನ್ನು ಅದರೊಳಗೆ ಕುಳಿತು ಹಡಗು ನಡೆಸುತ್ತಿದ್ದ. ಏಳು ವರ್ಷದ ಮಗಳು ಅನ್ವಿ ಹೊರಗೆ ನಿಂತು ಅಲೆಯಾಗಿದ್ದಳು. ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದ ನಮ್ಮ ದೊಡ್ಡವ್ವ ಮೊರ ಕೆಳಗಿಟ್ಟು ನನ್ನನ್ನು ಕೇಳಿದಳು:

"ಲೇ ತಮ್ಮ, ಇದನ್ನ ಯಾರ ಮನ್ಯಾಗ ಇಡ್ತಿ?"

ಆ ಪ್ರಶ್ನೆಯ ಅರ್ಥ ಹೇಳುವ ಮೊದಲು ಸೂಟ್‌ಕೇಸು ಬಂದ ಕಾರಣ ಹೇಳಬೇಕು. ನಾನು ಬೋರ್‌ವೆಲ್ಲಿನ ಮೋಟರು, ಪೈಪು ಮಾರುವವನು. ನಮ್ಮ ಕಡೆ ನೆಲದೊಳಗಿನ ನೀರು ಎಷ್ಟು ಕೆಳಗೆ ಇಳಿಯುತ್ತದೋ ನನ್ನ ವ್ಯಾಪಾರ ಅಷ್ಟು ಮೇಲೇರುತ್ತದೆ. ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಲ್ಲ, ಆದರೆ ನಿಜ. ಈ ಸಲ ಕಂಪನಿಯವರು ಚೆನ್ನಾಗಿ ಮಾರಿದ ಡೀಲರುಗಳಿಗೆ ಒಂದು ಸ್ಕೀಮು ಇಟ್ಟಿದ್ದರು: ಗಂಡ ಹೆಂಡತಿ ಇಬ್ಬರೂ ಮುಂಬಯಿಯಿಂದ ದೊಡ್ಡ ಹಡಗಿನಲ್ಲಿ ಹೊರಟು, ಎರಡು ರಾತ್ರಿ ಸಮುದ್ರದ ಮೇಲಿದ್ದು ವಾಪಸು ಬರುವುದು. ಮಕ್ಕಳ ಖರ್ಚು ನಮ್ಮದು. ಹೀಗೆ, ನೀರಿಲ್ಲದ ಸೀಮೆಯಲ್ಲಿ ನೀರೆತ್ತುವ ಯಂತ್ರ ಮಾರಿ ಮಾರಿ ನಾನು ಸಮುದ್ರಕ್ಕೆ ಅರ್ಹನಾದೆ. ನನ್ನ ಹೆಂಡತಿ ಶೈಲ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಪ್ರಪಂಚದ ಎಲ್ಲ ಸಮುದ್ರಗಳೂ ಅವಳಿಗೆ ನಕಾಶೆಯಲ್ಲಿ ಗೊತ್ತು, ಕಣ್ಣಿನಿಂದ ಒಂದನ್ನೂ ನೋಡಿರಲಿಲ್ಲ. ವಾಂತಿಯ ಮಾತ್ರೆ, ಚಿನ್ನುವಿನ ರಾತ್ರಿಯ ಚಡ್ಡಿಗಳು, ಹಡಗಿನ ಅಂಚಿನ ಕಟಕಟೆಯ ಸಂದಿಯಲ್ಲಿ ಮಗುವಿನ ತಲೆ ತೂರುತ್ತದೆಯೇ ಇಲ್ಲವೇ ಎಂಬ ಚಿಂತೆ, ಇವೆಲ್ಲ ಅವಳ ಪಾಲಿಗೆ ಬಂದವು. ಸೂಟ್‌ಕೇಸು ನನ್ನ ಪಾಲಿಗೆ ಬಂತು.

ಇನ್ನು ದೊಡ್ಡವ್ವನ ಪ್ರಶ್ನೆ. ನಮ್ಮಲ್ಲಿ ಪರಸ್ತಾನ ಇಡುವುದು ಅಂತ ಒಂದು ರೂಢಿ ಇದೆ. ನೀವು ಹೊರಡಬೇಕಾದ ದಿನ ಒಳ್ಳೆಯದಲ್ಲ ಅನ್ನಿ. ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ಗಂಟೋ ಚೀಲವೋ ಒಯ್ದು, ನೀವು ಹೋಗುವ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೊರಟಿತು ಎಂದರೆ ನೀವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದಿನ ಹೋದರೂ ನಡೆಯುತ್ತದೆ, ದಾರಿಯಲ್ಲಿ ಗಂಟು ಎತ್ತಿಕೊಂಡು ಹೋದರಾಯಿತು. ಎರಡೇ ಕಟ್ಟಳೆ: ಗಂಟು ಹಿಂದಕ್ಕೆ ಮನೆಗೆ ಬರಬಾರದು, ಮುಟ್ಟುವ ಊರು ಮುಟ್ಟುವ ತನಕ ಅದನ್ನು ಬಿಚ್ಚಬಾರದು. ನಮ್ಮ ದೊಡ್ಡಪ್ಪ ಒಮ್ಮೆ ಸರಕು ತರಲು ಹೊರಡುವಾಗ ಅಂಗಿಯ ಜೊತೆ ಅಂಗಡಿಯ ಬೀಗದ ಕೈಯನ್ನೂ ಗಂಟಿನಲ್ಲಿ ಕಟ್ಟಿಟ್ಟುಬಿಟ್ಟಿದ್ದನಂತೆ. ಗಂಟು ಎದುರು ಮನೆಯಲ್ಲೇ ಇತ್ತು, ಬಿಚ್ಚುವಂತಿಲ್ಲ. ಇಡೀ ದಿನ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಬಂದ ಗಿರಾಕಿಗಳಿಗೆಲ್ಲ "ನಾ ಊರಾಗಿಲ್ರಿ" ಎಂದು ಹೇಳಿ ಕಳಿಸಿದನಂತೆ.

ನಾವು ಊರು ಬಿಡುವ ದಿನ ಮಂಗಳವಾರ, ಅದೂ ಅಮಾವಾಸ್ಯೆಯ ಮಗ್ಗುಲಿಗೆ. ಅದಕ್ಕೇ ದೊಡ್ಡವ್ವನಿಗೆ ಸೂಟ್‌ಕೇಸಿನ ಚಿಂತೆ. ಆದರೆ ಅವಳ ಬಾಯಲ್ಲಿ ಈ ಮಾತು ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ ಸುಮ್ಮನಾಗುತ್ತೇವೆ. ಯಾಕೆಂದರೆ ದೊಡ್ಡವ್ವನ ಗಂಟೊಂದು ಆಗಲೇ ನಮ್ಮ ಓಣಿಯ ಪಡುವಲ ದಿಕ್ಕಿನ ಮನೆಯ ಹಾಲವ್ವನ ಟ್ರಂಕಿನಲ್ಲಿತ್ತು. ಅದಕ್ಕೆ ನನ್ನಷ್ಟೇ ವಯಸ್ಸು, ನಲವತ್ತರ ಮೇಲೆ.

ನಡೆದದ್ದು ಹೀಗೆ. ಆ ವರ್ಷ ಓಣಿಯವರೆಲ್ಲ ಕೂಡಿ ಗೋಕರ್ಣಕ್ಕೆ ಬಸ್ಸು ಮಾಡಿದ್ದರು. ದೊಡ್ಡವ್ವನಿಗೆ ಆಗ ಮೂವತ್ತು. ಸಮುದ್ರ ನೋಡಬೇಕು ಎಂಬುದು ಅವಳಿಗೆ ಹುಚ್ಚೇ ಆಗಿತ್ತಂತೆ. ಒಳ್ಳೆಯ ದಿನ ನೋಡಿ ಹಾಲವ್ವನ ಮನೆಯಲ್ಲಿ ಗಂಟು ಇಟ್ಟು ಬಂದಳು. ಹೊರಡುವ ಬೆಳಗ್ಗೆ ಬಸ್ಸು ಓಣಿಯ ಬಾಯಿಗೆ ಬಂದು ನಿಂತಾಗ ಒಳಗೆ ನನ್ನ ಅವ್ವನಿಗೆ ಹೆರಿಗೆ ಬ್ಯಾನಿ ಶುರುವಾಯಿತು, ತಿಂಗಳ ಮೊದಲೇ. ಅವ್ವ ದೊಡ್ಡವ್ವನ ಸ್ವಂತ ತಂಗಿ. ಅಕ್ಕ ತಂಗಿ ಇಬ್ಬರೂ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. "ನೀವು ಹೋಗಿ ಬರ್ರಿ" ಎಂದು ದೊಡ್ಡಪ್ಪನನ್ನು ಬಸ್ಸು ಹತ್ತಿಸಿ ಅವಳು ತಂಗಿಯ ಬಳಿ ನಿಂತಳು. ನಾನು ಹುಟ್ಟಿದೆ. ಕಣ್ಣು ಬಿಡುವ ಮೊದಲೇ ಒಬ್ಬರ ಪ್ರವಾಸ ಕೆಡಿಸಿದ ಕೀರ್ತಿ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ. ಹರಪನಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವ ಫೋನು ಮಾಡಿದಾಗಲೆಲ್ಲ ಈಗಲೂ ಅದನ್ನು ನೆನಪಿಸುತ್ತಾಳೆ.

ದೊಡ್ಡಪ್ಪ ವಾಪಸು ಬಂದ. ದೊಡ್ಡವ್ವ ಕೂಸನ್ನು ಎತ್ತಿಕೊಂಡೇ ಬಾಗಿಲಿಗೆ ಓಡಿದಳಂತೆ.

"ಹೆಂಗಿತ್ರಿ ಸಮುದ್ರ?"

"ನೀರೈತಿ," ಎಂದ ದೊಡ್ಡಪ್ಪ, ಸ್ನಾನಕ್ಕೆ ಹೋದ.

ಕೆಟ್ಟ ಮನುಷ್ಯನಲ್ಲ ಅವನು. ಮಾತಿನ ವಿಷಯದಲ್ಲಿ ಮಾತ್ರ ಬಹಳ ಹಿಡಿತ. ಹತ್ತು ದಿನ ಬಿಟ್ಟು ಹಾಲವ್ವ ಗಂಟಿನ ನೆನಪು ಮಾಡಿದಾಗ ದೊಡ್ಡವ್ವ, "ಇರಲಿ ಬಿಡು, ನಾ ಹೊಂಟಾಕಿ ಅದೀನಿ" ಎಂದಳು. ಹಾಲವ್ವನದು ಕುರಿ ಸಾಕುವ ಮನೆತನ. ಟ್ರಂಕಿನಲ್ಲಿ ಕಂಬಳಿಗಳ ನಡುವೆ ಗಂಟಿಟ್ಟು, ಯುಗಾದಿಗೊಮ್ಮೆ ಹೊಸ ಬೇವಿನೆಲೆ ಹಾಕುತ್ತ ಬಂದಳು. ಪರಸ್ತಾನಕ್ಕೂ ಒಂದು ಗಡುವು ಇದೆ ಎಂದು ಮಠದ ಐನೋರು ಹೇಳಿದರು, ದೊಡ್ಡವ್ವ ಒಪ್ಪಲಿಲ್ಲ. ಒಂದು ಪಯಣ ಬಾಕಿ ಇಟ್ಟುಕೊಂಡು ಇನ್ನೊಂದಕ್ಕೆ ಗಂಟು ಕಟ್ಟುವುದು ಹೇಗೆ ಎಂಬುದು ಅವಳ ವಾದ. ಕೂಡ್ಲಿಗಿ, ಹಡಗಲಿಯ ಮದುವೆಗಳಿಗೆ ಹೋಗಿ ಅಂದೇ ಬರುತ್ತಿದ್ದಳು. ಅವು ಅವಳ ಪ್ರಕಾರ ಪಯಣಗಳಲ್ಲ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಗಂಟು ಅಲ್ಲೇ ಇತ್ತು.

ಪಯಣ ನಿಂತರೂ ಕುತೂಹಲ ನಿಲ್ಲಲಿಲ್ಲ. ಹಡಗಿನ ಸುದ್ದಿ ಬಂದದ್ದೇ ತಡ, ದಿನಕ್ಕೊಂದು ಪ್ರಶ್ನೆ. ಹಡಗಿಗೆ ಬ್ರೇಕು ಎಲ್ಲಿರುತ್ತದೆ? ಸುತ್ತಲೂ ಉಪ್ಪುನೀರು ಇರುವಾಗ ಅಡಿಗೆಯವರು ಸಾರಿಗೆ ಉಪ್ಪು ಹಾಕುತ್ತಾರೋ ಇಲ್ಲವೋ? ಮಲಗಿದಾಗ ತಲೆ ಯಾವ ದಿಕ್ಕಿಗಿರುತ್ತದೆ, ಹಡಗು ತಿರುಗಿದರೆ ತಲೆಯೂ ಉತ್ತರಕ್ಕೆ ತಿರುಗುವುದಿಲ್ಲವೇ? ಇವುಗಳನ್ನು ನಾನು ಹುಬ್ಬಳ್ಳಿಯ ಟ್ರಾವೆಲ್ ಏಜೆನ್ಸಿಯ ಹುಡುಗಿಗೆ ದಾಟಿಸುತ್ತಿದ್ದೆ. ಮೊದಲು ಅವಳು ಗಂಭೀರವಾಗಿ ಉತ್ತರಿಸಿದಳು. ಬರಬರುತ್ತ ಫೋನು ಎತ್ತಿದ ಕೂಡಲೇ "ಇವತ್ತು ದೊಡ್ಡವ್ವಾರ ಪ್ರಶ್ನಿ ಏನ್ರಿ ಸರ್?" ಎಂದು ತಾನೇ ಕೇಳತೊಡಗಿದಳು. ಕೊನೆಗೊಂದು ದಿನ, "ಅವರನ್ನ ಕರ್ಕೊಂಡ ಬರ್ರಿ ಸರ್, ನಿಮ್ಮ ಬಾಜೂಕಿನ ರೂಮು ಇನ್ನೂ ಖಾಲಿ ಐತಿ. ಸೋಮವಾರದ ತನಕ ಹಿಡದಿರ್ತೀನಿ" ಎಂದಳು.

ಅದರ ಹಿಂದಿನ ಭಾನುವಾರ ಮಕ್ಕಳು ನೀರಿಗೆ ಹೆದರುತ್ತಾರೋ ಹೇಗೋ ನೋಡೋಣ ಎಂದು ಎಲ್ಲರೂ ಹಂಪಸಾಗರಕ್ಕೆ ಹೋಗಿದ್ದೆವು. ತುಂಗಭದ್ರೆಯ ಹಿನ್ನೀರು ತುಂಬಿ ಆಚೆ ದಡ ಕಾಣದಂತಿತ್ತು. ಮಕ್ಕಳು ಹೆದರಲಿಲ್ಲ, ಚಿನ್ನು ಚಪ್ಪಲಿ ಸಮೇತ ಇಳಿಯಲು ಹೊರಟಾಗ ಹೆದರಿದವನು ನಾನು. "ಇದೇ ಸಮುದ್ರ ಏನಪ್ಪ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಸೆರಗು ಸಿಕ್ಕಿಸಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದಳು.

"ಸಿಹಿ ಐತಿ. ಇದಲ್ಲ," ಎಂದಳು.

ಒದ್ದೆ ಕೈಯನ್ನು ಒರೆಸಿಕೊಳ್ಳದೆ ಅವಳು ಬಹಳ ಹೊತ್ತು ಆಚೆ ದಡ ಹುಡುಕುತ್ತ ನಿಂತಿದ್ದಳು. ಇವಳನ್ನು ಬಿಟ್ಟು ನಾನು ಯಾವ ಸಮುದ್ರವನ್ನೂ ನೋಡಲಾರೆ ಎನ್ನಿಸಿತು.

ಏಜೆನ್ಸಿಯ ಹುಡುಗಿ ಖಾಲಿ ರೂಮಿನ ಮಾತು ಹೇಳಿದ ದಿನವೇ ಕರೆದೆವು. ದೊಡ್ಡವ್ವ ತಲೆ ಅಲ್ಲಾಡಿಸಿದಳು. "ನಾ ಹೆಂಗ ಬರ್ಲಿ? ನಂದೊಂದು ಪಯಣ ಬಾಕಿ ಐತಿ."

"ಅತ್ತಿ, ಅದೂ ಸಮುದ್ರಕ್ಕ, ಇದೂ ಸಮುದ್ರಕ್ಕ ಅಲ್ಲೇನ್ರಿ?" ಎಂದಳು ಶೈಲ.

"ಅದು ಅವರ ಸಂಗಾಟ ಹೋಗಾಕ ಇಟ್ಟಿದ್ದು," ಎಂದ ದೊಡ್ಡವ್ವ ಸ್ವಲ್ಪ ಹೊತ್ತು ಜೋಳದಲ್ಲಿ ಬೆರಳಾಡಿಸಿದಳು. "ಹೋಗಿ ಬಂದು ನೀರೈತಿ ಅಂದ್ರು. ಇನ್ನೊಂದು ಮಾತು ಹೆಚ್ಚಿಗಿ ಹೇಳಿದ್ರ ಅವತ್ತೇ ಗಂಟು ತರ್ತಿದ್ದೆ. ಬಣ್ಣ ಹೆಂಗಿತ್ತು, ಸಪ್ಪಳ ಹೆಂಗಿತ್ತು, ಏನರೆ ಒಂದು. ಸಿಟ್ಟಿಗೆ ಬಿಟ್ಟೆ. ಈಗ ಸಿಟ್ಟು ಮಾಡಾಕ ಅವರೂ ಇಲ್ಲ. ಗಂಟು ತಂದು ಯಾರಿಗೆ ತೋರಿಸ್ಲಿ?"

ಹುಬ್ಬಳ್ಳಿಗೆ ಫೋನು ಮಾಡಿ ರೂಮು ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ, ಸುಮ್ಮನೆ ದಿನ ತಳ್ಳಿದೆ.

ಸೋಮವಾರ ಬಂತು. ನಮ್ಮ ಸೂಟ್‌ಕೇಸಿನ ಪರಸ್ತಾನಕ್ಕೆ ಐನೋರು ಹೇಳಿದ್ದ ದಿನ ಅದೇ. ಹಾಲವ್ವನ ಮಕ್ಕಳು ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಲು ಮುಹೂರ್ತ ಮಾಡಿದ್ದೂ ಅದೇ ದಿನ. ಬೆಳಗ್ಗೆ ಎದ್ದು ನೋಡಿದರೆ ಅವರ ಮನೆಯ ಸಾಮಾನೆಲ್ಲ ಬೀದಿಯಲ್ಲಿತ್ತು. ಮಂಚ, ಗುಡಾಣ, ಕಂಬಳಿಯ ರಾಶಿ, ಕಟ್ಟಿ ಹಾಕಿದ ಎರಡು ಮರಿ. ಹಾಲವ್ವ ಟ್ರಂಕು ಖಾಲಿ ಮಾಡಿ, ಚೌಕಡಿ ಬಟ್ಟೆಯ ಆ ಗಂಟನ್ನು ಎರಡು ಕೈಯಲ್ಲಿ ಹಿಡಿದು ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತಳು. ಬೇವಿನೆಲೆಯ ಒಗರು ವಾಸನೆ ಬಾಗಿಲ ತನಕ ಬಂತು.

ದೊಡ್ಡವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಾಲವ್ವ, ಹೊಸ್ತಿಲ ದಾಟಿಸಬ್ಯಾಡ! ಹಿಂದಕ್ಕ ಬಂತಂದ್ರ ನಾ ಹೋಗಲೇ ಇಲ್ಲ ಅಂದಂಗ ಆಗ್ತೈತಿ."

ಅವಳ ಮುಖದಲ್ಲಿ ನಾನು ಭಯ ನೋಡಿದ್ದು ಅದೇ ಮೊದಲು.

"ಮತ್ತೇನು ಮಾಡ್ಲಿ ಯಕ್ಕಾ, ಬೀದ್ಯಾಗ ಇಡ್ಲಿ?" ಎಂದಳು ಹಾಲವ್ವ. ಬೆಳಗಿನಿಂದ ಸಾಮಾನು ಹೊತ್ತು ಅವಳಿಗೂ ಸಾಕಾಗಿತ್ತು. ಇಬ್ಬರ ನಡುವೆ ಮೂರು ಮೆಟ್ಟಿಲು, ಇಬ್ಬರೂ ಅಳುವ ಹಾಗಿದ್ದರು.

ಸೂಟ್‌ಕೇಸಿನ ಮೇಲೆ ಕೂತಿದ್ದ ಅನ್ವಿ ಕೇಳಿದಳು: "ಹಾಲಜ್ಜಿ, ನೀವು ಈಗ ಯಾವ ಮನಿಗೆ ಹೋಗ್ತೀರಿ?"

"ಬಾಡಿಗಿ ಮನಿಗವ್ವ. ಊರ ತುದ್ಯಾಗ ಹಿಡದೀವಿ."

"ಅದು ಯಾವ ದಿಕ್ಕಿಗೈತಿ?"

"ಇನ್ನೂ ಪಡುವಲಕ."

"ಹಂಗಾರ ಅಜ್ಜಿ ಗಂಟು ಮುಂದಕ್ಕ ಹೋಗ್ತೈತಿ ಬಿಡ್ರಿ!"

ದೊಡ್ಡವ್ವ ಚೌಕಟ್ಟಿನಿಂದ ಕೈ ತೆಗೆದಳು. "ಮುಂದಕ್ಕ," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಇಳಿದಳು.

ನಮ್ಮ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ಮುಂದೆ ಗಂಟು ಹಿಡಿದ ಹಾಲವ್ವ, ಅವಳ ಹಿಂದೆ ದೊಡ್ಡವ್ವ, ಆಮೇಲೆ ಕಲ್ಲುಗಳ ಮೇಲೆ ಗಡಗಡ ಸೂಟ್‌ಕೇಸು ಎಳೆಯುವ ನಾನು, ಹಿಂದೆ ಇಬ್ಬರು ಮಕ್ಕಳನ್ನು ಹಿಡಿದ ಶೈಲ. ಚಹಾದಂಗಡಿಯಿಂದ ಯಾರೋ "ಡೀಲರ್ ಸಾಹೇಬ್ರು ಊರು ಬಿಟ್ರೇನ್ರಿ?" ಎಂದು ಕೂಗಿದರು. ಬಾಡಿಗೆ ಮನೆ ನಿಜವಾಗಿಯೂ ಊರಿನ ಕೊನೆಯದು. ಗಂಟನ್ನೂ ಸೂಟ್‌ಕೇಸನ್ನೂ ಒಂದೇ ಮೂಲೆಯಲ್ಲಿ ಒತ್ತೊತ್ತಾಗಿ ಇಟ್ಟೆವು. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡಳು.

"ಹಾಲವ್ವ, ಇದರ ಮುಂದಿನ ಮನಿ ಯಾರದು?"

"ಇದರ ಮುಂದ ಮನಿ ಇಲ್ಲ ಯಕ್ಕಾ. ಹೊಲ. ಅದರಾಚಿಗೆ ನಿನ್ನ ಸಮುದ್ರ."

ದೊಡ್ಡವ್ವ ಆ ಹೊಲಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಗಂಟು ಹೊಂಟು ನಿಂತೈತಿ, ನಾ ಹೆಂಗ ಮನ್ಯಾಗ ಕುಂದ್ರಲಿ? ಆ ಹುಬ್ಬಳ್ಳಿ ಹುಡುಗಿಗೆ ಫೋನ್ ಹಚ್ಚು" ಎಂದಳು. ಅವಸರದಲ್ಲಿ ಮೊದಲ ಸಲ ಬೇರೆ ಯಾರಿಗೋ ಫೋನು ಹೋಯಿತು. ನಾವು ಹೊರಡುವಾಗ ಹಾಲವ್ವ ಬಾಗಿಲಲ್ಲಿ ದೊಡ್ಡವ್ವನ ಕೈ ಹಿಡಿದುಕೊಂಡಳು. "ನಿನ್ನ ಗಂಟು ಕಾದು ಕಾದು ನಾನೂ ಮುದುಕಿ ಆದೆ. ನೋಡಿ ಬಂದು ನನಗ ಎಲ್ಲಾ ಹೇಳಬೇಕು. ನೀರೈತಿ ಅಂದಿ ಅಂದ್ರ ನೋಡು ಮತ್ತ!"

ಈಗ ಭಾನುವಾರದ ಸಂಜೆ. ನಾಡಿದ್ದು ಮಂಗಳವಾರ. ಪಡಸಾಲೆಯ ಮೂಲೆ ಖಾಲಿಯಾಗಿದೆ, ಹೊಸ ಸೂಟ್‌ಕೇಸಿನ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಚಿನ್ನು ಖಾಲಿ ನೆಲದ ಮೇಲೆಯೇ ಕೂತು ಹಡಗು ನಡೆಸುತ್ತಿದ್ದಾನೆ. ದೊಡ್ಡವ್ವ ಅವನ ಹಿಂದೆ ಪ್ರಯಾಣಿಕಳಾಗಿ ಕೂತಿದ್ದಾಳೆ. ಇಷ್ಟು ದಿನ ನಾನು ಮಾತ್ರೆ, ಕಟಕಟೆ, ಊಟದ ಸಮಯ ಎಲ್ಲವನ್ನೂ ವಿಚಾರಿಸಿದೆ. ನೋಡಿ ಬಂದ ಮೇಲೆ ಹೇಗಿತ್ತೆಂದು ಯಾರಾದರೂ ಕೇಳಿದರೆ ಏನು ಹೇಳಬೇಕು ಎಂಬುದನ್ನು ಯೋಚಿಸಿರಲಿಲ್ಲ. ಈಗ ಅದೊಂದೇ ಯೋಚನೆ. ಮತ್ತೆ, ಚಿಕ್ಕಂದಿನಿಂದ ಹಾಲವ್ವನ ಟ್ರಂಕಿನ ಎದುರು ನಿಂತು ಕೇಳಬೇಕೆಂದುಕೊಂಡು ಕೇಳದೇ ಉಳಿದ ಮಾತೊಂದಿತ್ತು. ಅದನ್ನು ಇವತ್ತು ಕೇಳಿದೆ.

"ದೊಡ್ಡವ್ವ, ಆ ಗಂಟಿನ್ಯಾಗ ಏನಿಟ್ಟಿದ್ದಿ?"

ದೊಡ್ಡವ್ವ ಚಿನ್ನುವಿನ ಹಡಗಿನಿಂದಲೇ ತಿರುಗಿ ನೋಡಿದಳು. ಆಮೇಲೆ ನಕ್ಕಳು.

"ಯಾರಿಗೆ ನೆನಪೈತೋ ತಮ್ಮ. ಮೂವತ್ತು ವರ್ಷದಾಕಿ ಕಟ್ಟಿದ ಗಂಟು ಅದು. ಆಕೀಗೆ ಅಲ್ಲಿ ಏನೇನು ಬೇಕಾಗಿತ್ತೋ, ಹೋಗಿ ಆಕೀನ್ನೇ ಕೇಳ್ತೀನಿ."